ಆಮೆ ಹೊಕ್ಕ ಮನೆ

ಪಾರ್ಸೆಲ್ ಬಿಚ್ಚಿ ಡಬ್ಬವನ್ನು ಟೇಬಲ್ ಮೇಲಿಟ್ಟೆ. ಅಮ್ಮ ಕನ್ನಡಕ ಏರಿಸಿಕೊಂಡು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಇದೇನೋ ಇದು, ತುಪ್ಪದ ಡಬ್ಬ ಇದ್ದಂಗಿದೆ?”

“ಕಾರಿಗೆ ಹಚ್ಚೋ ಮೇಣ ಕಣಮ್ಮ. ಟರ್ಟಲ್ ವ್ಯಾಕ್ಸ್.”

ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಮುಂದಿನದ್ಯಾವುದೂ ನಡೆಯುತ್ತಿರಲಿಲ್ಲ. ಆದರೆ ನನಗೆ ಯಾರೂ ಕೇಳದ ಅರ್ಥ ಹೇಳುವ ಚಟ. “ಟರ್ಟಲ್ ಅಂದ್ರೆ ಆಮೆ” ಅಂದೆ.

ಅಮ್ಮ ಡಬ್ಬವನ್ನು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. “ಆಮೆ ಹೊಕ್ಕ ಮನೆ ಉದ್ಧಾರ ಆಗಲ್ಲ ಅಂತಾರೆ ಕಣೋ. ವಾಪಸ್ ಕಳಿಸು.”

“ವಿಷ್ಣುವೇ ಆಮೆಯಾಗಿ ಬಂದಿಲ್ವಾ? ಕೂರ್ಮಾವತಾರ?”

“ಅವನು ಕ್ಷೀರಸಾಗರಕ್ಕೆ ಬಂದ. ನಮ್ಮ ಹಾಲ್‌ಗೆ ಬರಲಿಲ್ಲ.”

ಕೊನೆಗೆ ಒಂದು ರಾಜಿ ಆಯಿತು. ಡಬ್ಬ ಕಾರ್ ಶೆಡ್ಡಿನಲ್ಲಿ ಇರಬಹುದು. ಹೊಸಿಲು ದಾಟಿ ಒಳಗೆ ಬರುವಂತಿಲ್ಲ.

ಇಷ್ಟಕ್ಕೂ ನಾನು ಕಾರಿಗೆ ಎಣ್ಣೆಸ್ನಾನ ಮಾಡಿಸುವ ಜಾತಿಯವನಲ್ಲ. ಮೈಸೂರಿನ ನಮ್ಮ ಮನೆ ಮುಂದೆ ಒಂದು ಹೊಂಗೆ ಮರ ಇದೆ. ಅದರಲ್ಲಿ ಕಾಗೆಗಳ ಸಂಸಾರ ಇದೆ. ಕೆಳಗೆ ನಮ್ಮ ಬಿಳಿ ಕಾರು ಇದೆ. ಈ ಮೂವರ ಸಂಬಂಧ ಎಂಥದ್ದು ಅಂತ ಬಿಡಿಸಿ ಹೇಳಬೇಕಿಲ್ಲ. ವಾರಕ್ಕೊಂದು ಬಕೆಟ್ ನೀರು, ನನ್ನ ಹಳೇ ಬನಿಯನ್ನು, ಮುಗೀತು. ವರ್ಷಾನುಗಟ್ಟಲೆ ಹಾಗೇ ನಡೆದಿತ್ತು.

ಕೆಡಿಸಿದ್ದು ಬಾಮೈದ. ಬೆಂಗಳೂರಿನಲ್ಲಿದ್ದಾನೆ. 2024ರ ಮಾರ್ಚ್‌ನಲ್ಲಿ ಅಲ್ಲಿ ನೀರಿಗೆ ಹಾಹಾಕಾರ ಎದ್ದು, ಕುಡಿಯೋ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತಲ್ಲ, ಆ ವಾರವೇ ಇವನು ಮೈಸೂರಿಗೆ ಬಂದ. ಅಕ್ಕನ್ನ ನೋಡಬೇಕು ಅನ್ನಿಸಿತಂತೆ. ಡಿಕ್ಕಿ ತೆಗೆದರೆ ಎರಡು ಬಕೆಟ್, ನಾಲ್ಕು ಬಾಟಲಿ ಶಾಂಪೂ, ಒಂದು ಕಟ್ಟು ಬಟ್ಟೆ. ಅಕ್ಕನಿಗೆ ಅಂತ ತಂದಿದ್ದು ಅರ್ಧ ಕೆಜಿ ಖಾರಾಬೂಂದಿ. ಮೂರು ಗಂಟೆ ಕಾರು ತೊಳೆದ. ಊಟ ಮಾಡಿ, ಎಕ್ಸ್‌ಪ್ರೆಸ್‌ವೇ ಧೂಳು ಕುಡಿಯುತ್ತಾ ವಾಪಸ್ ಹೋದ. ಮನೆ ಸೇರುವಷ್ಟರಲ್ಲಿ ಕಾರು ಬಂದಾಗ ಹೇಗಿತ್ತೋ ಹಾಗೇ ಆಗಿತ್ತಂತೆ.

ಹೋಗುವ ಮುಂಚೆ ನಮ್ಮ ಕಾರಿನ ಬಾನೆಟ್ ಮೇಲೆ ಮೊಬೈಲ್ ಟಾರ್ಚ್ ಬಿಟ್ಟು ತೋರಿಸಿದ. “ನೋಡಿ ಭಾವ, ಈ ಸುರುಳಿ ಸುರುಳಿ ಗೀರು. ಇದೆಲ್ಲ ನಿಮ್ಮ ಬನಿಯನ್ ಕೆಲಸ.” ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಗಾಜಿನಂಥ ಒಂದು ಪದರ ಇರುತ್ತದೆ. ಅದು ನಮ್ಮ ತಲೆಕೂದಲಿಗಿಂತ ತೆಳು. ಬಟ್ಟೆಗೆ ಅಂಟಿದ ಒಂದು ಮರಳಿನ ಕಣ ಸಾಕು, ಅದರ ಮೇಲೆ ರಂಗೋಲಿ ಬಿಡುತ್ತದೆ. ಕಾಗೆ ಹಿಕ್ಕೆಯಲ್ಲಿ ಯೂರಿಕ್ ಆಸಿಡ್ ಇದೆ, ಬಿಸಿಲಿಗೆ ಅದು ಬಣ್ಣವನ್ನೇ ಕೊರೆಯುತ್ತದೆ. ಎರಡು ಬಕೆಟ್ ಯಾಕೆ ಗೊತ್ತಾ? ಒಂದು ಸೋಪಿಗೆ, ಇನ್ನೊಂದು ಬಟ್ಟೆ ಜಾಲಿಸೋದಕ್ಕೆ. ಇಷ್ಟೂ ಹೇಳಿ ಅವನು ಕೇಳಿದ, “ಶಾಂಪೂ ಯಾವುದು ಹಾಕ್ತೀರಿ ಭಾವ?”

ಪಾತ್ರೆ ತೊಳೆಯೋ ಲಿಕ್ವಿಡ್ಡು ಅಂತ ಹೇಳಿದೆ. ಅವನ ಮುಖ ನೋಡಬೇಕಿತ್ತು. ಮಗುವಿಗೆ ಸೀಗೆಪುಡಿ ತಿನ್ನಿಸ್ತೀನಿ ಅಂದಿದ್ದರೂ ಅಷ್ಟು ಗಾಬರಿ ಆಗುತ್ತಿರಲಿಲ್ಲ. ಜಿಡ್ಡು ತೆಗೆಯೋದೇ ಅದರ ಕೆಲಸ. ಬಾಣಲೆ ಜಿಡ್ಡು ಯಾವುದು, ಕಾರಿನ ಮೇಣ ಯಾವುದು ಅಂತ ಅದಕ್ಕೆ ತಿಳಿಯಲ್ಲವಂತೆ.

ಹೀಗಾಗಿ ನಾನು ಮೇಣ ಹುಡುಕಲು ಹೊರಟೆ. ಮೇಣದ ವಿಷಯದಲ್ಲಿ ಅಭಿಪ್ರಾಯ ಇಲ್ಲದ ಗಂಡಸು ನಮ್ಮ ಬೀದಿಯಲ್ಲೇ ಇಲ್ಲ ಅಂತ ಆಗ ಗೊತ್ತಾಯಿತು. ಎದುರು ಮನೆಯವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. “ಸೀಮೆಎಣ್ಣೇಲಿ ಬಟ್ಟೆ ಅದ್ದಿ ಒರೆಸಿ ಸಾರ್. ನಾವು ಬಸ್ಸಿಗೆ ಅದೇ ಹೊಡೀತಿದ್ದಿದ್ದು. ಮುಖ ನೋಡ್ಕೊಂಡು ತಲೆ ಬಾಚ್ಕೋಬೋದಿತ್ತು” ಅಂದರು. ಮೂಲೆ ಮನೆಯ ಹುಡುಗ ಮೇಣದ ಬದಲು ಬಳಿಯುವ ಸೆರಾಮಿಕ್ ಕೋಟಿಂಗ್ ಬಿಟ್ಟು ಬೇರೆ ಮಾತೇ ಆಡಲಿಲ್ಲ. ಬೆಲೆ ಕೇಳಿದೆ. ಆ ದುಡ್ಡಿಗೆ ಅಡುಗೆಮನೆಗೆ ಹೊಸ ಗ್ರಾನೈಟ್ ಹಾಕಿಸಬಹುದು. ಬಾಮೈದ ಮಾತ್ರ, “ನಿಮ್ಮಂಥವರಿಗೆ ಟರ್ಟಲ್ ಸಾಕು ಭಾವ” ಅಂದ. ಆ ‘ನಿಮ್ಮಂಥವರಿಗೆ’ ಇನ್ನೂ ಚುಚ್ಚುತ್ತಿದೆ. ಈ ಕಾರು ಉಜ್ಜುವ ಪಂಡಿತರಲ್ಲಿ ಆಮೆಯ ಬಗ್ಗೆ ಒಂದು ಸಣ್ಣ ತಾತ್ಸಾರ ಇದೆ. ಎಲ್ಲ ಕಡೆ ಸಿಗುತ್ತಲ್ಲ, ಅದಕ್ಕೆ. ತಟ್ಟೆ ಇಡ್ಲಿ ಬಗ್ಗೆ ದೊಡ್ಡ ಹೋಟೆಲಿನ ಬಾಣಸಿಗನಿಗೆ ಇರುತ್ತಲ್ಲ, ಆ ಥರ.

ನನಗೆ ಅದು ಹಿಡಿಸಿದ್ದು ಅದರ ಕಥೆಯಿಂದ. 1940ರ ದಶಕದ ಶುರು. ಶಿಕಾಗೋದಲ್ಲಿ ಬೆನ್ ಹಿರ್ಷ್ ಅಂತ ಒಬ್ಬ. ಮನೆಯ ಬಚ್ಚಲ ತೊಟ್ಟಿಯಲ್ಲೇ ಕಾರಿನ ಮೇಣ ಕಲಸುತ್ತಿದ್ದನಂತೆ. (ಅವನ ಹೆಂಡತಿ ಸ್ನಾನ ಎಲ್ಲಿ ಮಾಡುತ್ತಿದ್ದಳೋ.) ಆಗ ಅದರ ಹೆಸರು ಪ್ಲಾಸ್ಟೋನ್. ಆಮೇಲೆ ವಿಸ್ಕಾನ್ಸಿನ್ ಕಡೆ ಹೋದಾಗ ಟರ್ಟಲ್ ಕ್ರೀಕ್ ಅಂತ ಒಂದು ಹೊಳೆ ಸಿಕ್ಕಿ, ಹೆಸರು ಬದಲಾಯಿತಂತೆ. ಅವನ ವ್ಯಾಪಾರದ ವರಸೆ ಇನ್ನೂ ಚೆನ್ನಾಗಿದೆ. ನಿಲ್ಲಿಸಿದ ಕಾರುಗಳ ಹತ್ತಿರ ಹೋಗಿ, ಯಾರನ್ನೂ ಕೇಳದೆ ಒಂದೇ ಒಂದು ಮಡ್‌ಗಾರ್ಡ್ ಉಜ್ಜಿ ಮಿಂಚಿಸಿ, ಪಕ್ಕದಲ್ಲಿ ಸುಮ್ನೆ ನಿಲ್ಲುತ್ತಿದ್ದ. ಕಾರಿನ ಯಜಮಾನ ಬರುವವರೆಗೂ. ಈಗ ಯಾರಾದರೂ ಹಾಗೆ ಮಾಡಿದರೆ ನಾವು ಪೊಲೀಸರಿಗೆ ಫೋನ್ ಮಾಡುತ್ತೇವೆ, ಅಲ್ವಾ?

ಒಂದು ಡಬ್ಬ ತರಿಸಿದರೆ ಅದು ಒಂಟಿಯಾಗಿ ಬರುವುದಿಲ್ಲ. ಮೈಕ್ರೋಫೈಬರ್ ಬಟ್ಟೆ ಬಂತು. ಟೈರಿಗೆ ಕಪ್ಪು ಬಂತು. ಅಂಗಡಿಯವನು ಮೇಲೆ ಬಿದ್ದು ಕೊಟ್ಟ ಡ್ಯಾಶ್‌ಬೋರ್ಡ್ ಸ್ಪ್ರೇ ಒಂದು ಬಂತು. ಅದು ಯಾವ ಕಂಪನಿಯದ್ದು ಅಂತ ಹೇಳಲ್ಲ. ತಪ್ಪು ಅದರದ್ದೂ ಅಲ್ಲ. ‘ಸೀಟಿಗೆ, ಸ್ಟೇರಿಂಗಿಗೆ ಹೊಡೆಯಬೇಡಿ’ ಅಂತ ಹಿಂದುಗಡೆ ಬರೆದಿತ್ತು. ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ನಾನು ಓದಿದ್ದು ಮುಂದುಗಡೆ ಇದ್ದ ದೊಡ್ಡ ಅಕ್ಷರ ಮಾತ್ರ.

ಹೊಡೆದೆ. ಡ್ಯಾಶ್‌ಬೋರ್ಡು, ಬಾಗಿಲು, ರೆಕ್ಸಿನ್ ಸೀಟು, ಎಲ್ಲದಕ್ಕೂ. ಕಾರಿನ ಒಳಗೆ ಜಾಮೂನಿನ ಪಾಕದಲ್ಲಿ ಅದ್ದಿ ತೆಗೆದಂಥ ಹೊಳಪು. ಮಾರನೇ ದಿನ ಸೋಮವಾರ, ಅಮ್ಮನನ್ನು ನಂಜನಗೂಡಿಗೆ ಕರೆದುಕೊಂಡು ಹೊರಟೆ. ಮೊದಲನೇ ಹಂಪಿನಲ್ಲಿ ಅಮ್ಮ ಸೀಟಿನಿಂದ ಅರ್ಧ ಅಡಿ ಮುಂದೆ ಜಾರಿದಳು. ಎರಡನೇ ಹಂಪಿನಲ್ಲಿ ಡ್ಯಾಶ್‌ಬೋರ್ಡ್ ಮೇಲಿದ್ದ ಗಣಪತಿ ಬುಡಸಮೇತ ಕಿತ್ತು ಬಂದು ಅವಳ ಮಡಿಲಿಗೆ ಬಿದ್ದ. ಆ ಸ್ಪ್ರೇಯಲ್ಲಿ ಇರೋದು ಸಿಲಿಕೋನ್ ಎಣ್ಣೆ. ಅದರ ಮೇಲೆ ಯಾವ ಗೋಂದೂ ನಿಲ್ಲಲ್ಲ. ಚೆನ್ನಾಗಿ ಹೊಳೆಯಲಿ ಅಂತ ನಾನು ಗಣಪತಿಯನ್ನು ಎತ್ತಿ, ಕೆಳಗೂ ಹೊಡೆದು, ಮತ್ತೆ ಅಂಟಿಸಿದ್ದೆ.

ಅಮ್ಮ ಗಣಪತಿಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಬಾಗಿಲಿನ ಹಿಡಿ ಹಿಡಿದುಕೊಂಡು ಕೂತಳು. ಶ್ರೀಕಂಠೇಶ್ವರನ ಗೋಪುರ ಕಾಣುವವರೆಗೂ ಮಾತಿಲ್ಲ. ಇಳಿಯುವಾಗ ಒಂದೇ ಶಬ್ದ ಅಂದಳು. “ಆಮೆ.”

ಈ ಪಾಪಕ್ಕೂ ಆಮೆಗೂ ಸಂಬಂಧ ಇಲ್ಲ, ಆ ಡಬ್ಬದ ಮುಚ್ಚಳ ಇನ್ನೂ ತೆಗೆದೇ ಇಲ್ಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ.

ಮುಚ್ಚಳ ತೆಗೆದದ್ದು ಆಯುಧಪೂಜೆಗೆ ಹದಿನೈದು ದಿನ ಇದ್ದಾಗ, ಒಂದು ಭಾನುವಾರ. ವಾಸನೆ ಚೆನ್ನಾಗಿತ್ತು. ಇಂಥ ಮೇಣಗಳಲ್ಲಿ ಕಾರ್ನೌಬಾಕ್ಕೆ ದೊಡ್ಡ ಹೆಸರು. ಬ್ರೆಜಿಲ್ ದೇಶದ ಒಂದು ತಾಳೆ ಜಾತಿಯ ಮರ, ಬಿಸಿಲಿಗೆ ತನ್ನ ನೀರು ಆರಿಹೋಗದ ಹಾಗೆ ಎಲೆಗೆ ತಾನೇ ಬಳಿದುಕೊಳ್ಳುವ ಮೇಣ ಅದು. ಬಣ್ಣದ ಗುಂಡು ಮಿಠಾಯಿಗಳಿಗೆ ಹೊಳಪು ಕೊಡಲೂ ಅದನ್ನೇ ಬಳಸುತ್ತಾರೆ. ನಮ್ಮ ಕೆಸುವಿನೆಲೆ ಮೇಲೆ ನೀರು ಮುತ್ತಾಗಿ ಉರುಳುತ್ತಲ್ಲ, ಅದೂ ಹೀಗೇ ಎಲೆಯ ಮೇಣದ ಮಹಿಮೆ. ಕಾರಿಗೆ ಹಚ್ಚುವುದು ಅಂದರೆ ಕಾರನ್ನು ಕೆಸುವಿನೆಲೆ ಮಾಡುವುದು, ಅಷ್ಟೇ. ಪತ್ರೊಡೆಗೆ ಹಿಟ್ಟು ಬಳಿದಂತೆ ಬಳಿದೆ, ದಪ್ಪಗೆ. ನಡು ಮಧ್ಯಾಹ್ನ ಹನ್ನೆರಡರ ಬಿಸಿಲಲ್ಲಿ. ಬಾನೆಟ್ಟಿನ ಎಡಭಾಗ ಮುಗಿಯುವಷ್ಟರಲ್ಲಿ, “ರೀ, ಊಟಕ್ಕೆ ಬನ್ನಿ” ಅಂತ ಕೂಗಿದಳು ಹೆಂಡತಿ.

ಹುಳಿ, ಹಪ್ಪಳ, ಮೊಸರನ್ನ. ಭಾನುವಾರ ಬೇರೆ. ಸ್ವಲ್ಪ ಕಣ್ಣು ಮುಚ್ಚಿದೆ.

ನಾಲ್ಕು ಗಂಟೆಗೆ ಹೋಗಿ ನೋಡಿದರೆ ಬಾನೆಟ್ಟಿನ ಅರ್ಧ ಸುಣ್ಣ ಬಳಿದ ಗೋಡೆ. ಬಟ್ಟೆಯಲ್ಲಿ ಉಜ್ಜಿದೆ, ಅಲುಗಾಡಲಿಲ್ಲ. ಉಗುರು ಹಾಕಿದೆ, ಉಗುರೇ ಹೋಯಿತು. ಡಬ್ಬ ತಿರುಗಿಸಿ ಓದಿದೆ. ನೆರಳಲ್ಲಿ ಹಚ್ಚಿ. ಬಿಸಿಯಾದ ತಗಡಿಗೆ ಬೇಡ. ಸ್ವಲ್ಪ ಸ್ವಲ್ಪ ಜಾಗಕ್ಕೆ ಹಚ್ಚಿ. ಕಪ್ಪು ಪ್ಲಾಸ್ಟಿಕ್‌ಗೆ ತಾಗಿಸಬೇಡಿ. ನಾನು ಹಚ್ಚುವಾಗ ಒಂದೊಂದನ್ನೂ ಉಲ್ಟಾ ಮಾಡಿದ್ದೆ, ಒಂದನ್ನೂ ಬಿಟ್ಟಿರಲಿಲ್ಲ. ಬಂಪರಿನ ಕಪ್ಪು ಪಟ್ಟಿಯ ಉದ್ದಕ್ಕೂ ಬಿಳಿ ಮಚ್ಚೆ, ವಿಭೂತಿ ಎಳೆದ ಹಾಗೆ.

ಬಾಮೈದನಿಗೆ ಫೋನ್ ಮಾಡಿದೆ. ಮೊದಲು ಮನಸಾರೆ ನಕ್ಕ. ಆಮೇಲೆ, “ಅದರ ಮೇಲೇ ಇನ್ನೊಂದು ಸಲ ತೆಳ್ಳಗೆ ಹಚ್ಚಿ, ಒಣಗೋಕೆ ಬಿಡದೆ ಒರೆಸಿ ಭಾವ. ಹೊಸ ಮೇಣ ಹಳೇದನ್ನ ಕರಗಿಸುತ್ತೆ” ಅಂದ. ನಿಜ. ಕರಗಿಸಿತು. ಅಷ್ಟರಲ್ಲಿ ನನ್ನ ಬಲಗೈಯೂ ಕರಗಿತ್ತು. ಎಡ ಅರ್ಧ ಮಾತ್ರ ಬೆಳ್ಳಿ ತಟ್ಟೆ. ಬಲ ಅರ್ಧ ಮೊದಲಿದ್ದ ಹಾಗೇ. ಎದುರು ಮನೆಯವರು ಗೇಟಿನ ಹತ್ತಿರ ನಿಂತು ತಲೆ ಅತ್ತಿತ್ತ ಓಲಿಸಿ ನೋಡಿ, “ಇದೇನು ಸಾರ್, ಅರ್ಧ ಗಡ್ಡ ಬೋಳಿಸ್ಕೊಂಡಂಗಿದೆ?” ಅಂದರು.

ಬಂಪರ್ ಉಳಿಯಿತಲ್ಲ. ಅದಕ್ಕೆ ಪೀನಟ್ ಬಟರ್ ಹಚ್ಚಿ ಅಂತ ಮೊಬೈಲ್‌ನಲ್ಲಿ ಒಬ್ಬ ವಿಡಿಯೋ ಮಾಡಿ ತೋರಿಸಿದ್ದ. ಶೇಂಗಾದ ಎಣ್ಣೆ ಮೇಣವನ್ನು ಮೆತ್ತಗೆ ಮಾಡುತ್ತದೆ, ಅದರ ತರಿ ಉಜ್ಜಿ ತೆಗೆಯುತ್ತದೆ ಅನ್ನೋದು ಲೆಕ್ಕ. ಮಗಳ ಬ್ರೆಡ್ಡಿಗೆ ಅಂತ ತಂದಿಟ್ಟಿದ್ದ ಡಬ್ಬದಲ್ಲಿ ಅರ್ಧ ಖಾಲಿ ಮಾಡಿ, ಹಳೇ ಟೂತ್‌ಬ್ರಷ್‌ನಿಂದ ಮೆತ್ತಿದೆ. ನೆನೆಯಲಿ ಅಂತ ಬಿಟ್ಟು ಕಾಫಿ ಕುಡಿಯಲು ಒಳಗೆ ಹೋದೆ. ಗೇಟು ಹಾಕಿರಲಿಲ್ಲ.

ಲೋಟ ಹಿಡಿದು ಆಚೆ ಬಂದಾಗ ಬೀದಿನಾಯಿ ಕರಿಯ ಮತ್ತು ಅವನ ಜೊತೆಗಾರ, ಬಂಪರಿನ ಒಂದೊಂದು ತುದಿಯಿಂದ ಶುರು ಮಾಡಿ ನಡುವಿಗೆ ಬಂದಿದ್ದರು. ಅಂಥ ಶ್ರದ್ಧೆಯ ಕೆಲಸ ನಾನು ಯಾವ ಸರ್ವಿಸ್ ಸ್ಟೇಷನ್ನಿನಲ್ಲೂ ನೋಡಿಲ್ಲ. ನನ್ನ ಬ್ರಷ್ಷು ಹೋಗದ ಸಂದಿಗೂ ನಾಲಿಗೆ ಹೋಗಿತ್ತು. ಓಡಿಸಿ, ಬಗ್ಗಿ ನೋಡಿದರೆ ಮಚ್ಚೆ ಒಂದೂ ಇಲ್ಲ. ಎರಡು ದಿನ ಅವುಗಳ ಮೇಲೆ ಒಂದು ಕಣ್ಣಿಟ್ಟಿದ್ದೆ. ಏನೂ ಆಗಲಿಲ್ಲ ಸದ್ಯ. ಆಗಿದ್ದಿಷ್ಟೇ, ಇಡೀ ಮೈಸೂರಿನಲ್ಲಿ ನಮ್ಮ ಕಾರು ಬಂದರೆ ಮಾತ್ರ ಅವು ಬಾಲ ಆಡಿಸಿಕೊಂಡು ಎದುರಿಗೆ ಓಡಿ ಬರುತ್ತವೆ. ಮೊದಲು ಬಂಪರಿಗೆ ನಮಸ್ಕಾರ. ತಿನ್ನಲು ಏನೂ ಇಲ್ಲ ಅಂತ ಖಚಿತವಾದ ಮೇಲೆ, ಕಪ್ಪು ಬಳಿದು ಮಿಂಚಿಸಿದ ಟೈರಿಗೆ ಕಾಲೆತ್ತಿ ಅಭಿಷೇಕ.

ಆಯುಧಪೂಜೆ ಬಂತು. ಬಾಳೆ ಕಂದು, ಸೇವಂತಿಗೆ ಹಾರ, ಬೂದುಗುಂಬಳ, ಚಕ್ರದ ಕೆಳಗೆ ನಿಂಬೆಹಣ್ಣು. ಅಮ್ಮ ಅರಿಶಿನ, ಕುಂಕುಮ ಎರಡನ್ನೂ ನೀರಲ್ಲಿ ಕಲಸಿ, ಬಾನೆಟ್ಟಿನ ಈ ತುದಿಯಿಂದ ಆ ತುದಿಗೆ ದೊಡ್ಡ ಸ್ವಸ್ತಿಕ ಬರೆದಳು. ಜಾಕು, ಸ್ಪ್ಯಾನರು, ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಮಗಳ ಸೈಕಲ್ಲು, ಎಲ್ಲಕ್ಕೂ ಬೊಟ್ಟಿಟ್ಟಳು. ಶೆಡ್ಡಿನ ಶೆಲ್ಫಿನಲ್ಲಿದ್ದ ಆಮೆ ಡಬ್ಬದ ಹತ್ತಿರ ಕೈ ಒಂದು ಗಳಿಗೆ ನಿಂತಿತು. ಮುಂದೆ ಹೋಯಿತು.

ಮಾರನೇ ದಿನ ಬನ್ನಿ ಕೊಟ್ಟು ಬಂದ ಮೇಲೆ ಕಾರು ತೊಳೆದೆ. ಎಡ ಅರ್ಧದಲ್ಲಿ ನೀರು ಬಿದ್ದದ್ದೇ ತಡ, ಬಣ್ಣ ಜಾರಿ ಹೋಯಿತು. ಬಲಗಡೆ ಎಷ್ಟು ಉಜ್ಜಿದರೂ ಗುಲಾಬಿ ಕಲೆ ಉಳಿಯಿತು. ಬಿಳಿ ಕಾರಿನ ಮೇಲೆ ಅರ್ಧ ಸ್ವಸ್ತಿಕ. ಅಮ್ಮ ಜಗಲಿಯಿಂದ ಇಳಿದು ಬಂದು, ಎರಡೂ ಕಡೆ ಬೆರಳಿಂದ ತಿಕ್ಕಿ ನೋಡಿದಳು.

“ಈ ಕಡೆ ಮಾತ್ರ ಹೆಂಗೋ ಹೋಯ್ತು?”

“ಈ ಕಡೆ ಆಮೆ ಇದೆಯಮ್ಮ.”

ಏನೂ ಅನ್ನದೆ ಒಳಗೆ ಹೋದಳು.

ಬೆಳಿಗ್ಗೆ ಹಲ್ಲುಜ್ಜಿಕೊಂಡು ಹಾಲ್‌ಗೆ ಬಂದರೆ ಟೇಬಲ್ ಮೇಲೆ ಡಬ್ಬ ಕೂತಿತ್ತು. ಮುಚ್ಚಳದ ಮೇಲೆ ಒಂದು ಬೊಟ್ಟು ಕುಂಕುಮ. ಪಕ್ಕದಲ್ಲಿ ಮಡಚಿಟ್ಟ ಬಟ್ಟೆ. ಅಮ್ಮ ಪೇಪರಿನಿಂದ ತಲೆ ಎತ್ತದೆ ಕೇಳಿದಳು.

“ಇನ್ನರ್ಧ ಯಾವಾಗ?”