ಎಲ್ಲ ಶಾಲೆಗೂ ರ‍್ಯಾಂಪೋ, ಕ್ಲಸ್ಟರ್‌ಗೊಂದು ಸಜ್ಜಾದ ಶಾಲೆಯೋ?

ಬೆಂಗಳೂರಿನ ಸರ್ಕಾರಿ ಶಾಲೆಗಳಿಗೆ ಅಂಗವಿಕಲರು ಸಲೀಸಾಗಿ ಹೋಗಿ ಬರುವಂತಾಗಬೇಕು. ಇದಕ್ಕೆ ಯಾರ ತಕರಾರೂ ಇಲ್ಲ. ತಕರಾರು ಇರುವುದು ದಾರಿಯಲ್ಲಿ. ಒಂದನ್ನೂ ಬಿಡದೆ ಎಲ್ಲ ಶಾಲೆಗಳನ್ನೂ ಈಗಲೇ ಸರಿಪಡಿಸಬೇಕಾ? ಅಥವಾ ಇರುವ ದುಡ್ಡನ್ನೂ ಇರುವ ಶಿಕ್ಷಕರನ್ನೂ ಒಟ್ಟುಗೂಡಿಸಿ ಮೊದಲು ಕ್ಲಸ್ಟರ್‌ಗೆ, ಅಂದರೆ ಅಕ್ಕಪಕ್ಕದ ಶಾಲೆಗಳ ಒಂದು ಗುಂಪಿಗೆ, ಒಂದು ಶಾಲೆಯನ್ನು ಪೂರ್ತಿ ಸಜ್ಜು ಮಾಡಬೇಕಾ? ಗಾಲಿಕುರ್ಚಿಯಲ್ಲಿ ಓಡಾಡುವ ಅಪ್ಪ ಒಬ್ಬರು ಎಲ್ಲ ಶಾಲೆಯೂ ಬೇಕು ಅನ್ನುತ್ತಾರೆ. ಮನೆಮನೆಗೆ ಹೋಗಿ ಪಾಠ ಮಾಡುವ ಶಿಕ್ಷಕಿ ಒಬ್ಬರು ಒಪ್ಪುವುದಿಲ್ಲ.

ಪರ: ವೋಟಿಗೆ ಬಂದ ಹಲಗೆ ಮೀಟಿಂಗಿಗೆ ಇರಲಿಲ್ಲ

2024ರ ಏಪ್ರಿಲ್ 26, ಲೋಕಸಭೆ ಚುನಾವಣೆ. ನನ್ನ ಮತಗಟ್ಟೆ ಇದ್ದದ್ದು ನನ್ನ ಮಗಳು ಓದುವ ಸರ್ಕಾರಿ ಶಾಲೆಯಲ್ಲೇ. ಶೇ 40 ಮತ್ತು ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವವರು ಮನೆಯಲ್ಲೇ ವೋಟು ಹಾಕಬಹುದು ಎಂದು ಆ ಸಲ ಅವಕಾಶ ಕೊಟ್ಟಿದ್ದರು. ನಾನು ಬೇಕಂತಲೇ ಹೋದೆ. ಆ ಶಾಲೆಯ ಒಳಗೆ ಕಾಲಿಡಲು, ಅಂದರೆ ಗಾಲಿ ಇಡಲು, ನನಗೆ ಸಿಗುವುದು ಚುನಾವಣೆಯ ದಿನ ಮಾತ್ರ.

ಬಾಗಿಲ ಮುಂದಿನ ಮೂರು ಮೆಟ್ಟಿಲ ಮೇಲೆ ಪ್ಲೈವುಡ್ ಹಲಗೆ ಹಾಸಿದ್ದರು. ಕೆಳಗೆ ಇಟ್ಟಿಗೆ ಒತ್ತುಕೊಟ್ಟಿದ್ದರು. ಗಾಲಿ ಹತ್ತುವಾಗ ಹಲಗೆ ಬಳುಕಿತು. ಹಿಂದಿನಿಂದ ಒಬ್ಬ ಹುಡುಗ ಹಿಡಿದುಕೊಂಡಿದ್ದ. ಒಳಗೆ ಹೋಗಿ ಬೆರಳಿಗೆ ಶಾಯಿ ಹಾಕಿಸಿಕೊಂಡೆ. ಗೋಡೆ ಮೇಲೆ ಮಕ್ಕಳ ಚಾರ್ಟುಗಳಿದ್ದವು. ಮಗಳ ಹೆಸರು ಹುಡುಕಿದೆ. ಕಿಟಕಿ ಪಕ್ಕದ ನೀರಿನ ಚಕ್ರದ ಚಿತ್ರ ಅವಳದಾಗಿತ್ತು.

ಜೂನ್‌ನಲ್ಲಿ ಪೋಷಕರ ಸಭೆ. ಅದೇ ಶಾಲೆ, ಅದೇ ಬಾಗಿಲು. ಹಲಗೆ ಇಲ್ಲ. ಸಭೆ ಮೊದಲ ಮಹಡಿಯಲ್ಲಿ. ಟೀಚರ್ ಒಳ್ಳೆಯವರು, ತಾವೇ ಕೆಳಗೆ ಬಂದರು. ಗೇಟಿನ ಹತ್ತಿರ ಬಿಸಿಯೂಟದ ಅಕ್ಕಿ ಮೂಟೆ ಇಳಿಸುತ್ತಿದ್ದರು. ಅದರ ಪಕ್ಕ ನಿಂತುಕೊಂಡು ಮಗಳು ಗಣಿತದಲ್ಲಿ ಹಿಂದಿದ್ದಾಳೆ ಎಂದರು. ಮೂಟೆ ಹೊರುವವರೂ ಕೇಳಿಸಿಕೊಂಡರು, ಮಗಳೂ ಕೇಳಿಸಿಕೊಂಡಳು. ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿ ಎಸ್‌ಡಿಎಂಸಿಗೆ ಯಾರು ಬರುತ್ತೀರಿ ಎಂದು ಮೇಲೆ ಕೇಳಿದರಂತೆ. ನನಗೆ ಗೊತ್ತಾಗುವ ಹೊತ್ತಿಗೆ ಕಮಿಟಿ ಆಗಿಹೋಗಿತ್ತು.

ಶಾಲೆ ಅಂದ ಕೂಡಲೇ ಎಲ್ಲರ ಕಣ್ಣಿಗೆ ಬರುವುದು ಮಗು. ‘ನಿಮ್ಮಲ್ಲಿ ಅಂಗವಿಕಲ ಮಕ್ಕಳು ಎಷ್ಟು?’ ಎಂದು ಕೇಳುತ್ತಾರೆ. ‘ಯಾರೂ ಇಲ್ಲ’ ಅಂದರೆ ಅಲ್ಲಿಗೆ ಫೈಲು ಮುಚ್ಚಿತು. ನನ್ನಂಥ ಅಪ್ಪ ಲೆಕ್ಕಕ್ಕಿಲ್ಲ. ಮೊಮ್ಮಗನನ್ನು ಕರೆದೊಯ್ಯಲು ಕೋಲೂರಿಕೊಂಡು ಬರುವ ಅಜ್ಜಿ ಲೆಕ್ಕಕ್ಕಿಲ್ಲ. ಅಂಗವಿಕಲರ ಮೀಸಲಾತಿಯಲ್ಲಿ ಕೆಲಸಕ್ಕೆ ಬಂದ ಟೀಚರ್? ಕ್ಲಸ್ಟರ್‌ಗೊಂದೇ ಶಾಲೆ ಅಂದರೆ ಅವರ ವರ್ಗಾವಣೆಗೂ ಅದೊಂದೇ ಜಾಗವಾ? ಮಕ್ಕಳ ವಿಷಯದಲ್ಲಾದರೂ ಅಷ್ಟೇ. ಮೆಟ್ಟಿಲು ನೋಡಿಯೇ ಮಗುವನ್ನು ಸೇರಿಸಿಲ್ಲ. ಮಗು ಇಲ್ಲ ಅಂತ ಮೆಟ್ಟಿಲು ಹಾಗೇ ಇದೆ. ಹುಚ್ಚು ಬಿಡದೆ ಮದುವೆ ಆಗೋಲ್ಲ, ಮದುವೆ ಆಗದೆ ಹುಚ್ಚು ಬಿಡೋಲ್ಲ ಅನ್ನುತ್ತಾರಲ್ಲ, ಹಾಗೆ. (ಗಾದೆ ನಮ್ಮಂಥವರ ಬಗ್ಗೆ ಅಷ್ಟೇನೂ ಚೆನ್ನಾಗಿಲ್ಲ. ಆದರೂ ಇಲ್ಲಿ ಸರಿಯಾಗಿ ಕೂರುತ್ತದೆ.)

ಆ ಹಲಗೆ ಸುಮ್ನೆ ಬಂದದ್ದಲ್ಲ. 2004ರ ಲೋಕಸಭೆ ಚುನಾವಣೆ ಹೊತ್ತಿಗೆ ಮತಗಟ್ಟೆಗಳಲ್ಲಿ ರ‍್ಯಾಂಪ್ ಇಡಿ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಅಂದಿನಿಂದ ವೋಟಿನ ದಿನ ಹಲಗೆ ಬರುತ್ತದೆ. ಆಗ ಯಾರೂ ‘ಮೊದಲು ವಾರ್ಡಿಗೊಂದು ಮತಗಟ್ಟೆ ಸಾಕು’ ಅನ್ನಲಿಲ್ಲ. ನಮ್ಮ ಮೆಟ್ರೋ 2011ರಲ್ಲಿ ಶುರುವಾದಾಗ ಸ್ಟೇಷನ್‌ಗಳಲ್ಲಿ ಲಿಫ್ಟ್ ಇತ್ತು. ‘ಬೈಯಪ್ಪನಹಳ್ಳಿಯಲ್ಲಿ ಒಂದು ಲಿಫ್ಟ್ ಇದೆ, ಎಂ.ಜಿ. ರೋಡಿಗೆ ಬೇಕಾದವರು ಅಲ್ಲೇ ಇಳಿದುಕೊಳ್ಳಿ’ ಅಂದಿದ್ದರೆ ನಗುತ್ತಿರಲಿಲ್ಲವಾ? ಶಾಲೆ ವಿಷಯಕ್ಕೆ ಬಂದಾಗ ಮಾತ್ರ ಈ ಮಾತು ಜಾಣತನ ಆಗಿಬಿಡುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹಳೇ ಸಾರ್ವಜನಿಕ ಕಟ್ಟಡಗಳಿಗೆ ಐದು ವರ್ಷ ಗಡುವು ಕೊಟ್ಟಿತ್ತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಅಂದರೆ 2022ರ ಜೂನ್‌ಗೆ ಗಡುವು ಮುಗಿಯಿತು. ಬರೀ ಸಲಹೆಯಂಥ ಮಾರ್ಗಸೂಚಿ ಸಾಲದು, ಕಡ್ಡಾಯ ನಿಯಮ ಮಾಡಿ ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಈಗ ಮತ್ತೆ ‘ಮೊದಲು ಒಂದು’ ಅಂದರೆ ನನಗೆ ಕೇಳಿಸುವುದು ‘ಒಂದೇ’ ಅಂತ.

ದುಡ್ಡು ಎಲ್ಲಿದೆ ಅನ್ನುತ್ತಾರೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ರ‍್ಯಾಂಪ್ ಬೇಕು. ಆರು ಇಂಚಿನ ಮೂರು ಮೆಟ್ಟಿಲಿಗೆ ಹದಿನೆಂಟು ಅಡಿ. ಅದೇನು ಫ್ಲೈಓವರ್ ಅಲ್ಲ. ಅರ್ಧ ಕೆಲಸಕ್ಕೆ ಕಾಸೂ ಬೇಡ. ಮಗಳ ಶಾಲೆಯಲ್ಲಿ ಕೆಳಗಿನ ಒಂದು ಕೋಣೆ ತುಂಬ ಮುರಿದ ಬೆಂಚು, ಮೇಲಿನ ಮಹಡಿ ತುಂಬ ಮಕ್ಕಳು. ಬೆಂಚು ಮೇಲೆ ಹೋಗಲಿ, ಸಭೆ ಕೆಳಗೆ ಆಗಲಿ. ಶೌಚಾಲಯದ ಬಾಗಿಲು ಒಳಕ್ಕೆ ತೆಗೆಯುವುದರ ಬದಲು ಹೊರಕ್ಕೆ ತೆಗೆಯುವಂತೆ ಕೂರಿಸಲಿ. ಬಡಗಿಗೆ ಒಂದು ದಿನದ ಕೆಲಸ.

ದೂರದ ಮಾತು ಒಂದಿದೆ. ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎನ್ನುವುದು ಶಿಕ್ಷಣ ಹಕ್ಕಿನ ನಿಯಮ. ಎಳೇ ಕಾಲುಗಳಿಗೆ ಅಷ್ಟೇ ಸಾಧ್ಯ ಅಂತ. ಹಾಗಿದ್ದ ಮೇಲೆ ಎಲ್ಲರಿಗಿಂತ ದೂರ ಹೋಗಬೇಕಾದ್ದು ಕಾಲಿನ ಕಷ್ಟ ಇರುವ ಮಗುವಾ? 1995ರಲ್ಲಿ ಅಂಗವಿಕಲರಿಗೆ ಅಂತ ಮೊದಲ ಕಾಯ್ದೆ ಬಂದಾಗ ನನಗೆ ಹನ್ನೊಂದು ವರ್ಷ. ಅಪ್ಪ ದಿನಾ ಬೆನ್ನ ಮೇಲೆ ಹೊತ್ತುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿ ಬರುತ್ತಿದ್ದರು. ಏಳನೇ ತರಗತಿ ಹೊತ್ತಿಗೆ ನಾನು ಭಾರವಾದೆ, ಅವರ ಸೊಂಟ ಹಿಡಿಯಿತು. ಅಲ್ಲಿಗೆ ನನ್ನ ಶಾಲೆ ನಿಂತಿತು. ಮನೆಯಿಂದ ಆ ಶಾಲೆಗೆ ಮುನ್ನೂರು ಹೆಜ್ಜೆ. ಎರಡು ಕಿಲೋಮೀಟರ್ ಆಗಿದ್ದರೆ ಮೂರನೇ ತರಗತಿಗೇ ನಿಲ್ಲುತ್ತಿತ್ತು.

ವಿರೋಧ: ರ‍್ಯಾಂಪಿನ ಮೇಲೆ ಹೂಕುಂಡ

ನಾನು ಬಿಆರ್‌ಸಿಯಲ್ಲಿ, ಅಂದರೆ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ, ಅಂಗವಿಕಲ ಮಕ್ಕಳಿಗೆ ಕಲಿಸುವ ಸಂಪನ್ಮೂಲ ಶಿಕ್ಷಕಿ. ಇಲಾಖೆಯ ಬಾಯಲ್ಲಿ ಬಿಐಇಆರ್‌ಟಿ. ನನ್ನ ಸ್ಕೂಟರ್ ಡಿಕ್ಕಿಯಲ್ಲಿ ಬ್ರೈಲ್ ಸ್ಲೇಟು, ಮಣಿಸರ, ಮಳೆ ಕೋಟು ಯಾವಾಗಲೂ ಇರುತ್ತವೆ. ಬೆಳಿಗ್ಗೆ ಒಂದು ಶಾಲೆ, ಮಧ್ಯಾಹ್ನ ಎರಡು ಮನೆ. ಸಂಜೆ ಆನ್‌ಲೈನ್‌ನಲ್ಲಿ ಮಾಹಿತಿ ತುಂಬುವುದು. ನಿಜ ಹೇಳಬೇಕಂದರೆ ಕೊನೆಯದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ.

ಆ ಮಾಹಿತಿಯಿಂದಲೇ ಶುರುಮಾಡುತ್ತೇನೆ. ಶಾಲೆಗಳ ಲೆಕ್ಕ ಇಡುವ ಯುಡೈಸ್ ಅರ್ಜಿ ಪ್ರತಿ ಶಾಲೆಗೂ ಕೇಳುತ್ತದೆ: ರ‍್ಯಾಂಪ್ ಇದೆಯಾ? ಹಿಡಿಕಂಬಿ ಇದೆಯಾ? ವಿಶೇಷ ಅಗತ್ಯದ ಮಕ್ಕಳಿಗೆ ಶೌಚಾಲಯ ಇದೆಯಾ? ಹೌದು ಅಥವಾ ಇಲ್ಲ. ನಾನು ಹೋಗುವ ಒಂದು ಶಾಲೆಯಲ್ಲಿ ಮೊದಲನೆಯದಕ್ಕೆ ‘ಹೌದು’. ಮೂರು ಮೆಟ್ಟಿಲ ಪಕ್ಕ ನಾಲ್ಕಡಿ ಉದ್ದಕ್ಕೆ ಸಿಮೆಂಟು ಸುರಿದಿದ್ದಾರೆ. ಮಕ್ಕಳು ಅದನ್ನು ಜಾರುಬಂಡೆ ಮಾಡಿಕೊಂಡರು. ಒಬ್ಬನ ಹಲ್ಲು ಮುರಿಯಿತು. ಹೆಡ್ ಮೇಡಂ ಹೆದರಿ ಮೇಲೊಂದು, ಕೆಳಗೊಂದು ಹೂಕುಂಡ ಇಟ್ಟಿದ್ದಾರೆ. ಶೌಚಾಲಯವೂ ‘ಹೌದು’. ಅದರೊಳಗೆ ಪೊರಕೆ, ಬಕೆಟ್, ಹಳೇ ಧ್ವಜಸ್ತಂಭ.

‘ಎಲ್ಲ ಶಾಲೆಗೂ, ಈಗಲೇ’ ಅಂದಾಗ ಆಗುವುದು ಇದೇ. ದುಡ್ಡನ್ನು ಹಂಚುತ್ತಾರೆ, ಪಾಲಿಗೆ ಚೂರುಚೂರು ಬರುತ್ತದೆ. ಚೂರು ದುಡ್ಡಿಗೆ ನಾಲ್ಕಡಿ ಸಿಮೆಂಟೇ ಬರುವುದು. ಸಂಜೆ ವರದಿಯಲ್ಲಿ ನೂರಕ್ಕೆ ನೂರು. ಹಳೇ ಪೇಟೆ ಕಡೆಯ ಕಾರ್ಪೊರೇಷನ್ ಶಾಲೆಗಳಲ್ಲಿ ಬಾಗಿಲಿಗೂ ಕಾಂಪೌಂಡಿಗೂ ನಡುವೆ ಹದಿನೆಂಟು ಅಡಿಯೇ ಇರುವುದಿಲ್ಲ. ಮೆಟ್ರೋ ಹೋಲಿಕೆ ಚೆನ್ನಾಗಿದೆ, ಆದರೆ ಮೆಟ್ರೋವನ್ನು ಹೊಸದಾಗಿ ಕಟ್ಟಿದರು. ನಾನು ಹೋಗುವ ಕೆಲವು ಶಾಲೆಗಳಿಗೆ ನನ್ನ ಅಮ್ಮನಿಗಿಂತ ವಯಸ್ಸಾಗಿದೆ.

ಇನ್ನೊಂದು ವಿಷಯಕ್ಕೆ ಯಾರೂ ಬರುವುದೇ ಇಲ್ಲ. ಅಂಗವೈಕಲ್ಯ ಅಂದರೆ ಗಾಲಿಕುರ್ಚಿ ಅಷ್ಟೇ ಅಲ್ಲ. 2016ರ ಕಾಯ್ದೆಯಲ್ಲಿ 21 ಬಗೆ ಇವೆ. ನಾಲ್ಕನೇ ತರಗತಿಯಲ್ಲಿ ಒಬ್ಬ ಕಿವುಡ ಹುಡುಗ ಇದ್ದಾನೆ. ಮನೆಯ ಹಿಂದೆಯೇ ಶಾಲೆ. ಮೆಟ್ಟಿಲು ಹತ್ತುವುದರಲ್ಲಿ ಅವನೇ ಮೊದಲು. ಕಾಗದದ ಮೇಲೆ ನೋಡಿದರೆ ಎಲ್ಲ ಸರಿಯಿದೆ. ನಾನು ಹಿಂದಿನ ಬೆಂಚಿನಲ್ಲಿ ಕೂತು ಅವನನ್ನು ನೋಡುತ್ತಿರುತ್ತೇನೆ. ಟೀಚರ್ ಏನೋ ತಮಾಷೆ ಹೇಳುತ್ತಾರೆ, ಮಕ್ಕಳೆಲ್ಲ ನಗುತ್ತಾರೆ. ಅವನು ಅಕ್ಕಪಕ್ಕ ನೋಡಿ, ಒಂದು ಗಳಿಗೆ ತಡೆದು, ಆಮೇಲೆ ನಗುತ್ತಾನೆ. ಬೋರ್ಡ್ ಮೇಲಿನದನ್ನು ಮುತ್ತು ಪೋಣಿಸಿದ ಹಾಗೆ ನಕಲು ಮಾಡುತ್ತಾನೆ. ‘ಎಷ್ಟು ಚೆನ್ನಾಗಿ ಬರೀತಾನೆ ನೋಡಿ’ ಅನ್ನುತ್ತಾರೆ ಟೀಚರ್. ಬರೆದದ್ದು ಏನು ಅಂತ ಅವನಿಗೆ ಗೊತ್ತಿಲ್ಲ. ಸನ್ನೆ ಭಾಷೆ ಬಲ್ಲವರು ಆ ಶಾಲೆಯಲ್ಲಿ ಒಬ್ಬರೂ ಇಲ್ಲ. ನಾನು ವಾರಕ್ಕೊಮ್ಮೆ ಹೋಗುತ್ತೇನೆ, ಅದೂ ಬೇರೆ ಮೀಟಿಂಗ್ ಇಲ್ಲದಿದ್ದರೆ. ಅವನಿಗೆ ಬೇಕಾದ್ದು ತನ್ನಂಥ ಹತ್ತು ಮಕ್ಕಳು, ಕೈಯಲ್ಲಿ ಮಾತಾಡುವ ಒಬ್ಬ ಟೀಚರ್. ಹತ್ತು ಶಾಲೆಗೆ ಒಬ್ಬೊಬ್ಬರಂತೆ ಚದುರಿಸಿದರೆ ಅದು ಯಾವತ್ತೂ ಆಗುವುದಿಲ್ಲ. ಕಾಯ್ದೆ ನೆರೆಯ ಶಾಲೆ ಅಥವಾ ವಿಶೇಷ ಶಾಲೆ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅನ್ನುತ್ತದೆ. ಇವನ ಮನೆಯವರಿಗೆ ಆರಿಸಿಕೊಳ್ಳಲು ಏನಿದೆ?

ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಬ್ಲಾಕ್‌ನಲ್ಲಿ ನಾವಿರುವುದು ಬೆರಳೆಣಿಕೆಯಷ್ಟು ಜನ. ನಮ್ಮನ್ನು ಎಲ್ಲ ಶಾಲೆಗೂ ಹಂಚಿದರೆ ತಿಂಗಳಿಗೊಂದು ಸಹಿ ಸಿಗುತ್ತದೆ. ಒಂದು ಕಡೆ ಕೂರಿಸಿದರೆ ಪಾಠ ಸಿಗುತ್ತದೆ. ಲಿಂಗರಾಜಪುರದಲ್ಲಿ ಅಂಗವಿಕಲರಿಗಾಗಿ ಕೆಲಸ ಮಾಡುವ ಎಪಿಡಿ ಸಂಸ್ಥೆ ಇದೆ. 1959ರಲ್ಲಿ ಎನ್‌.ಎಸ್‌. ಹೇಮಾ ಕಟ್ಟಿದ್ದು. ಅಂಗವಿಕಲ ಮಕ್ಕಳೂ ಉಳಿದ ಮಕ್ಕಳೂ ಅಲ್ಲಿ ಒಂದೇ ಶಾಲೆಯಲ್ಲಿ ಓದುತ್ತಾರೆ, ಥೆರಪಿಯೂ ಅಲ್ಲೇ ಸಿಗುತ್ತದೆ. ನಾನು ಕೇಳುತ್ತಿರುವುದು ಇಂಥದ್ದೇ, ಸರ್ಕಾರದ ದುಡ್ಡಿನಲ್ಲಿ, ಕ್ಲಸ್ಟರ್‌ಗೊಂದು. ಅಂಗವಿಕಲ ಮಕ್ಕಳನ್ನು ಬೇರೆ ಇಡುವ ಶಾಲೆ ಅಲ್ಲ. ಎಲ್ಲ ಮಕ್ಕಳೂ ಬರುವ, ಆದರೆ ಇವರಿಗೆ ಬೇಕಾದ್ದೆಲ್ಲ ಇರುವ ಸಾಮಾನ್ಯ ಶಾಲೆ.

ದೂರ ಅನ್ನುವುದು ದೊಡ್ಡ ಪ್ರಶ್ನೆ, ಒಪ್ಪುತ್ತೇನೆ. ಅದಕ್ಕೇ ವ್ಯಾನ್ ಬೇಕು. ಅದೇನು ದಾನ ಅಲ್ಲ, ಸಾರಿಗೆ ವ್ಯವಸ್ಥೆ ಮಾಡಬೇಕು ಎಂದು ಅದೇ 2016ರ ಕಾಯ್ದೆಯಲ್ಲಿದೆ. ಈಗ ಆಗುತ್ತಿರುವುದು ನೋಡಿ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಒಂದು ಅಂಗವಿಕಲ ಮಗುವಿಗೆ ವರ್ಷಕ್ಕೆ ಹೆಚ್ಚೆಂದರೆ 3500 ರೂಪಾಯಿ. ಉಪಕರಣ, ಥೆರಪಿ, ಓಡಾಟ ಎಲ್ಲವೂ ಅದರಲ್ಲೇ. ಬೆಂಗಳೂರಿನಲ್ಲಿ ಆಟೋ ಹತ್ತಿದರೆ ಮೀಟರ್ 36 ರೂಪಾಯಿಗೆ ಶುರು. ಹೋಗಿ ಬರಲು 72. ಪೂರ್ತಿ ದುಡ್ಡು ಆಟೋಗೇ ಸುರಿದರೂ 48 ದಿನ. ಶಾಲೆ ನಡೆಯುವುದು 200 ದಿನಕ್ಕೂ ಜಾಸ್ತಿ. ಈ ಪುಡಿಗಾಸನ್ನು ಹತ್ತು ಮಕ್ಕಳಿಂದ ಸೇರಿಸಿ, ಕಟ್ಟಡದ ದುಡ್ಡನ್ನೂ ಒಂದು ಕಡೆ ಹಾಕಿದರೆ ವ್ಯಾನ್ ಮಾತಾದರೂ ಎತ್ತಬಹುದು.

ಬೆಂಚಿನ ಕೋಣೆ ಖಾಲಿ ಮಾಡಿ ಸಭೆ ಕೆಳಗೆ ಮಾಡುವುದು, ಬಾಗಿಲು ತಿರುಗಿಸುವುದು, ಇವೆಲ್ಲ ಎಲ್ಲ ಶಾಲೆಯಲ್ಲೂ ನಾಳೆಯೇ ಆಗಲಿ. ಅದಕ್ಕೆ ನನ್ನ ವಿರೋಧ ಯಾಕೆ? ‘ಮೊದಲು ಒಂದು’ ಹೋಗಿ ‘ಒಂದೇ’ ಆಗಿಬಿಡುತ್ತದೆ ಎನ್ನುವ ಭಯವೂ ಸುಳ್ಳಲ್ಲ. ಇಲಾಖೆಯ ಒಳಗಿರುವ ನನಗೆ ಆ ಭಯ ಇನ್ನೂ ಜಾಸ್ತಿ. ಆದರೆ ಈಗಿನ ‘ಎಲ್ಲ’ದಲ್ಲಿ ಒಂದೂ ಇಲ್ಲವಲ್ಲ.

ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದ ಮೇಲೆ ತೀವ್ರ ಅಂಗವೈಕಲ್ಯ ಇರುವ ಮಕ್ಕಳು ಮನೆಯಲ್ಲೇ ಕಲಿಯಬಹುದು. ಒಳ್ಳೆಯ ಮನಸ್ಸಿನಿಂದಲೇ ತಂದದ್ದು. ಆದರೆ ಹಾಜರಿಯಲ್ಲಿ ಹೆಸರಿದೆ, ಮಗು ಮನೆಯಲ್ಲಿದೆ ಅಂದರೆ ಶಾಲೆಗೂ ನಿರಾಳ, ನಮಗೂ ನಿರಾಳ. ಶ್ರೀರಾಂಪುರ ಕಡೆ ಅಂಥ ಒಬ್ಬಳು ಹುಡುಗಿಗೆ ನಾನು ಪಾಠ ಮಾಡುತ್ತೇನೆ. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಬಾರದ ಸ್ಥಿತಿ. ಮೂರನೇ ಮಹಡಿಯ ಒಂದು ಕೋಣೆಯ ಮನೆ, ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲಾಗದ ಮೆಟ್ಟಿಲು. ಬೀದಿ ಕೊನೆಯ ಶಾಲೆಗೆ ಎಂಥ ರ‍್ಯಾಂಪ್ ಹಾಕಿದರೂ ಅವಳು ಕೆಳಗೆ ಇಳಿಯಬೇಕಲ್ಲ?

ಹೋದ ಸಲ ಕ್ಲಸ್ಟರ್ ಶಾಲೆ, ವ್ಯಾನ್ ಅಂತ ಅವಳ ಅಮ್ಮನ ಹತ್ತಿರ ಸುಮ್ನೆ ಮಾತು ತೆಗೆದೆ. ಅವರು ಒಲೆ ಸಣ್ಣ ಮಾಡಿ ಬಂದು ಕೂತರು. ಕೆಳಗಿನ ಮನೆಯ ಹುಡುಗ ಒಂದು ಕಡೆ ಹಿಡಿಯುತ್ತಾನಂತೆ, ಎದುರು ಇಸ್ತ್ರಿ ಅಂಗಡಿಯವರು ಇನ್ನೊಂದು ಕಡೆ. ಇಬ್ಬರನ್ನೂ ಯಾವಾಗಲೋ ಕೇಳಿಟ್ಟುಕೊಂಡಿದ್ದಾರೆ.

‘ಎಷ್ಟ್ ಗಂಟೆಗೆ ಬರುತ್ತೆ ಅಂತ ಹೇಳಿ ಮೇಡಂ, ಅಷ್ಟು ಸಾಕು’ ಅಂದರು.