ಹುಡುಗಿ ಇನ್ನೂ ಬೆಳೆಯಬೇಕಂತೆ

ಇಂಗ್ಲಿಷಿಗೆ ಅನುವಾದಗೊಂಡ ಕೊರಿಯನ್ ಸಣ್ಣಕತೆಗಳ ಸಂಕಲನವೊಂದನ್ನು ಓದುತ್ತಿರುವ ನನಗೆ ಮೊದಲು ಸಿಟ್ಟು ತರಿಸಿದ್ದು ಪುಸ್ತಕದ ಕೊನೆಯಲ್ಲಿ ಸಾಲುಗಟ್ಟಿ ಕೂತಿರುವ ಟಿಪ್ಪಣಿಗಳು. ಹಿರಿಯರನ್ನು ಹೆಸರು ಹಿಡಿದು ಕರೆಯಬಾರದು, ಮನೆಯೊಳಗೆ ಕಾಲಿಡುವ ಮುನ್ನ ಚಪ್ಪಲಿ ಬಿಡಬೇಕು, ಸತ್ತವರಿಗೆ ವರ್ಷಕ್ಕೊಮ್ಮೆ ಎಡೆ ಇಡಬೇಕು ಎಂಬುದನ್ನೆಲ್ಲ ಅವು ನನಗೆ ಸಾವಧಾನವಾಗಿ ಬಿಡಿಸಿ ಹೇಳುತ್ತವೆ. ಯಿ ಹ್ಯೊ-ಸೊಕ್ 1936ರಲ್ಲಿ ಬರೆದ ಕತೆಯಲ್ಲಿ ಸಂತೆ ವ್ಯಾಪಾರಿಗಳು ಹುರುಳಿಗೋಧಿ ಹೂಬಿಟ್ಟ ಹೊಲಗಳ ನಡುವೆ ಬೆಳದಿಂಗಳಲ್ಲಿ ಕತ್ತೆಗಳನ್ನು ಹೊಡೆದುಕೊಂಡು 70 ರಿ ದೂರ ಹೊರಡುತ್ತಾರಲ್ಲ, ಅದೆಷ್ಟು ದೂರವೆಂದು ಹುಡುಕಿದರೆ ಮಾತ್ರ ಟಿಪ್ಪಣಿಗೆ ಬಾಯಿಲ್ಲ. ಸುಮಾರು 28 ಕಿಲೋಮೀಟರ್, ಸ್ವಾಮಿ!

ಈ ಕತೆಗಳು ನಮಗೇಕೆ ಇಷ್ಟು ಬೇಗ ಒಗ್ಗುತ್ತವೆ ಎಂಬುದರ ಬಗ್ಗೆ ನಾಲ್ಕು ತೂಕದ ಮಾತು ಬರೆಯಬೇಕೆಂದೇ ನಾನು ಕೂತದ್ದು. ಅಷ್ಟರಲ್ಲಿ ಕಿಮ್ ಯೂ-ಜೊಂಗ್‌ನ ಕತೆಯೊಂದರ ಮನೆಯಳಿಯ ಅಡ್ಡ ಬಂದ.

ಛುನ್‌ಛೊನ್ ನಗರದ ಬಳಿಯ ಹಳ್ಳಿಯವನಾದ ಈ ಕತೆಗಾರ ಮೂವತ್ತು ತುಂಬುವ ಮೊದಲೇ, 1937ರಲ್ಲಿ, ಕ್ಷಯದಿಂದ ತೀರಿಕೊಂಡ. ಈಗ ಅವನೂರಿನ ರೈಲು ನಿಲ್ದಾಣಕ್ಕೇ ಅವನ ಹೆಸರಿದೆ. ಅವನ 1935ರ ‘ವಸಂತ, ವಸಂತ’ ಕತೆಯ ನಿರೂಪಕ ಮದುವೆಯ ಆಸೆಗೆ 3 ವರ್ಷ 7 ತಿಂಗಳು ಬಿಟ್ಟಿ ಗೇಯ್ದಿದ್ದಾನೆ. ಕೇಳಿದಾಗಲೆಲ್ಲ ಮಾವನದು ಒಂದೇ ಉತ್ತರ: ಹುಡುಗಿ ಇನ್ನೂ ಬೆಳೆಯಬೇಕು. ಬೆಳೆಯಬೇಕಾದದ್ದು ವಯಸ್ಸಿನಲ್ಲಲ್ಲ, ಎತ್ತರದಲ್ಲಿ! ಇಂತಿಷ್ಟು ವರ್ಷವೆಂದು ಮೊದಲೇ ಕರಾರು ಮಾಡಿಕೊಂಡಿದ್ದರೆ ಎಣಿಸಬಹುದಿತ್ತು; ಹುಡುಗಿಯ ಎತ್ತರವನ್ನು ಎಣಿಸುವುದು ಹೇಗೆ? ತಲೆಯ ಮೇಲೆ ಕೊಡ ಹೊತ್ತೂ ಹೊತ್ತೂ ಅವಳ ಮೂಳೆ ಕುಗ್ಗುತ್ತಿರಬಹುದೆಂದು ಇವನೇ ನೀರು ಸೇದಿ ತರುತ್ತಾನೆ. ಸೌದೆಗೆ ಹೋದಾಗ ಗ್ರಾಮದೇವತೆಗೆ ಕಲ್ಲು ಪೇರಿಸಿ, ಅವಳನ್ನಿಷ್ಟು ಉದ್ದ ಮಾಡಿದರೆ ಅಕ್ಕಿಯ ಕಡುಬು ಒಪ್ಪಿಸುತ್ತೇನೆಂದು ಹರಕೆ ಹೊರುತ್ತಾನೆ. ಗುಬ್ಬಿಯಷ್ಟಿರುವ ಅತ್ತೆ ಮಕ್ಕಳನ್ನು ಹೆತ್ತದ್ದು ಹೇಗೆಂದು ಕೇಳುವಷ್ಟು ಬಾಯಿಯೂ ಅವನಿಗಿದೆ. ಕೇಳಿ ಫಲವೇನು?

ಈ ಮಾವನೋ, ಹಿರಿಯ ಮಗಳ ಹೆಸರಿನಲ್ಲಿ ಒಬ್ಬನಾದ ಮೇಲೊಬ್ಬನಂತೆ ಭಾವೀ ಅಳಿಯಂದಿರನ್ನು ದುಡಿಸಿಕೊಂಡ ಆಸಾಮಿ. ಆಳನ್ನಿಟ್ಟುಕೊಂಡರೆ ದುಡ್ಡು ಬಿಚ್ಚಬೇಕಲ್ಲ. ಮೂರನೆಯವಳಿಗಿನ್ನೂ ಆರು ವರ್ಷ, ಅವಳ ಹೆಸರಿನಲ್ಲಿ ಇನ್ನೊಬ್ಬ ಸಿಗುವವರೆಗೆ ಇವನನ್ನು ಬಿಡುವಂತಿಲ್ಲ. ಸಾಲದ್ದಕ್ಕೆ ಅವನು ಜಮೀನ್ದಾರನ ಕಾರಭಾರಿ. ನ್ಯಾಯ ಹೇಳಬೇಕಾದ ಊರ ಮುಖಂಡನೂ ಅವನಿಂದಲೇ ಗೇಣಿಗೆ ಹೊಲ ಪಡೆದವನೆಂದು ಊರಲ್ಲಿ ಮಾತು. ನಮ್ಮ ಕಡೆಯೂ ಮನೆಯಳಿಯನ ಪಾಡು ಹೇಳಿಕೊಳ್ಳುವಂಥದ್ದಲ್ಲ, ಆದರೆ ಅವನಿಗೆ ಮದುವೆಯಾದರೂ ಆಗಿರುತ್ತದೆ. ಈ ಪದ್ಧತಿಗೂ ಟಿಪ್ಪಣಿಯೊಂದಿದೆ: ಬಡ ಯುವಕರಿಗೆ ಹೆಣ್ಣು ದೊರಕಿಸುವ ಗ್ರಾಮೀಣ ವ್ಯವಸ್ಥೆ ಎಂದು. ವ್ಯವಸ್ಥೆಯಂತೆ! ಬರೆದವರನ್ನು ಒಂದು ಸುಗ್ಗಿಯ ಮಟ್ಟಿಗಾದರೂ ಆ ಮಾವನ ಗದ್ದೆಗೆ ಇಳಿಸಬೇಕಿತ್ತು.

ಕೊನೆಗೆ ಮಾವ–ಅಳಿಯ ಹೊಡೆದಾಡುತ್ತಾರೆ, ಹಿಡಿಯಬಾರದ ಕಡೆಯೆಲ್ಲ ಹಿಡಿದು ಎಳೆದಾಡುತ್ತಾರೆ. ಇಷ್ಟು ದಿನ ಸುಮ್ಮನಿದ್ದೀಯಲ್ಲ ಎಂದು ಅಳಿಯನನ್ನು ಕೆಣಕಿದ್ದ ಹುಡುಗಿಯೇ ಓಡಿಬಂದು, ಅಪ್ಪನ ಪಕ್ಷ ವಹಿಸಿ, ಇವನ ಕಿವಿ ಹಿಡಿದೆಳೆಯುತ್ತಾಳೆ. ನಗು ತಡೆಯಲಾಗಲಿಲ್ಲ, ನಿಜ. ನಕ್ಕ ಮೇಲೂ ಕೋಪ ಇಳಿಯಲಿಲ್ಲ. ಗಲಾಟೆಯೆಲ್ಲ ಮುಗಿದ ಮೇಲೆ ಮಾವ ಇವನ ಒಡೆದ ತಲೆಗೆ ತಾನೇ ಆರೈಕೆ ಮಾಡಿ, ಜೇಬಿಗೊಂದು ತಂಬಾಕಿನ ಪೊಟ್ಟಣ ತುರುಕಿ, ಈ ಶರತ್ಕಾಲಕ್ಕೆ ಖಂಡಿತ ಮದುವೆ ಮಾಡಿಸುತ್ತೇನೆ, ಈಗ ಹೋಗಿ ಕಾಳಿನ ಹೊಲ ಉತ್ತು ಬಾ ಎನ್ನುತ್ತಾನೆ. ಆ ಪೆದ್ದನಿಗೆ ಉಪಕಾರಸ್ಮರಣೆಯಿಂದ ಕಣ್ಣಲ್ಲಿ ನೀರೇ ಬಂದುಬಿಡುತ್ತದೆ. ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಮಾವಯ್ಯ ಎಂದು ಹೇಳಿ, ಅವಸರ ಅವಸರವಾಗಿ ಹೊಲಕ್ಕೆ ಹೊರಟೇ ಬಿಡುತ್ತಾನೆ. ಯಾವ ತಾರೀಖು ಎಂದು ಈ ಸಲವೂ ಕೇಳಲಿಲ್ಲ.