ಫ್ನೂ ಮೇಷ್ಟ್ರ ಪೌರತ್ವ ಪ್ರಸಂಗ

ಫಾರ್ಮ್ ತುಂಬುವುದರಲ್ಲಿ ನನ್ನದು ಎತ್ತಿದ ಕೈ ಅಂತ ನಮ್ಮ ಅಪಾರ್ಟ್‌ಮೆಂಟಿನ ಕನ್ನಡದವರಲ್ಲಿ ಒಂದು ನಂಬಿಕೆ ಇದೆ. ಅದು ಹೇಗೆ ಹುಟ್ಟಿತೋ ಗೊತ್ತಿಲ್ಲ. ಬಹುಶಃ ನಮ್ಮನೆಯಲ್ಲಿ ಪ್ರಿಂಟರ್ ಇರೋದರಿಂದ.

2024ರ ಬೇಸಿಗೆಯ ಒಂದು ಸಂಜೆ ಮೇಲಿನ ಮನೆ ಮೇಷ್ಟ್ರು ಪ್ಲಾಸ್ಟಿಕ್ ಫೈಲ್ ಕಂಕುಳಲ್ಲಿ ಇಟ್ಟುಕೊಂಡು ಬಂದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ರಿಟೈರ್ ಆದವರು. ಮಗ ಹಾಕಿದ ಅರ್ಜಿಯ ಮೇಲೆ ಗ್ರೀನ್ ಕಾರ್ಡ್ ಪಡೆದು ಅಮೆರಿಕಕ್ಕೆ ಬಂದು ಐದು ವರ್ಷ ತುಂಬಿತ್ತು. ಇನ್ನು ಪೌರತ್ವಕ್ಕೆ ಅರ್ಜಿ ಹಾಕಬಹುದು. "ಮಗನ್ನ ಕೇಳಿದ್ರೆ ವೀಕೆಂಡ್ ನೋಡೋಣಪ್ಪ ಅಂತಾನೆ. ಹದಿನಾಲ್ಕು ವೀಕೆಂಡ್ ಆಯ್ತು. ನೀನೇ ನೋಡಯ್ಯ," ಅಂದರು.

ಆ ಅರ್ಜಿಯ ಹೆಸರು ಎನ್-400. ಆನ್‌ಲೈನಲ್ಲಿ ಹಾಕಿದರೆ ಫೀಸು 710 ಡಾಲರ್, ಕಾಗದದಲ್ಲಾದರೆ 760. ಮೇಷ್ಟ್ರು ಕಾಗದವೇ ಅಂದರು. ಸಹಿ ಅಂದರೆ ಪೆನ್ನಲ್ಲಿ ಹಾಕೋದು, ಇಲಿ ಹಿಡಿದು ಕ್ಲಿಕ್ ಮಾಡೋದಲ್ಲ ಅನ್ನೋದು ಅವರ ವಾದ. 50 ಡಾಲರ್ ಜಾಸ್ತಿ ಕೊಟ್ಟು ತೊಂದರೆ ಕೊಂಡುಕೊಂಡೆವು ಅಂತ ಆಗ ಗೊತ್ತಿರಲಿಲ್ಲ.

ಮೊದಲ ಪುಟದಲ್ಲೇ ಹೆಸರು. ಮೇಷ್ಟ್ರ ಹೆಸರಿನ ಮುಂದೆ ಊರಿಗೊಂದು, ಅಪ್ಪನಿಗೊಂದು ಇನಿಷಿಯಲ್. ಸರ್‌ನೇಮ್ ಅನ್ನೋದು ಅವರ ವಂಶದಲ್ಲೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಎಲ್ಲ ಸೇರಿ ಒಂದೇ ಹೆಸರು. ಒಂದೇ ಹೆಸರಿದ್ದರೆ ಅಮೆರಿಕದವರು ಅದನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬರೆಯುತ್ತಾರೆ. ಫಸ್ಟ್ ನೇಮ್ ಅನ್‌ನೋನ್. ಮೊದಲ ಹೆಸರು ಗೊತ್ತಿಲ್ಲ. ಐದು ವರ್ಷದಿಂದ ಮೇಷ್ಟ್ರು ಔಷಧಿ ಅಂಗಡಿಯಲ್ಲಿ ಕೂತರೆ ಆ ಹುಡುಗಿ "ಫ್ನೂ! ಮಿಸ್ಟರ್ ಫ್ನೂ!" ಅಂತ ಕೂಗುತ್ತಾಳೆ. ಇವರು ಎದ್ದು ಹೋಗಿ ಬಿಪಿ ಮಾತ್ರೆ ತರುತ್ತಾರೆ.

ಅದೇ ಅರ್ಜಿಯಲ್ಲಿ ಇನ್ನೊಂದು ಪ್ರಶ್ನೆ ಕಂಡಿತು. ಹೆಸರು ಬದಲಾಯಿಸಿಕೊಳ್ಳಲು ಇಷ್ಟ ಇದೆಯಾ? ನನಗೆ ಖುಷಿಯೋ ಖುಷಿ. "ಮೇಷ್ಟ್ರೇ, ಒಂದೇ ಒಂದು ಟಿಕ್. ಫ್ನೂ ಕತೆ ಮುಗೀತು," ಅಂತ ಹೇಳಿ, ಅವರು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಟಿಕ್ ಹಾಕಿಬಿಟ್ಟೆ.

ಆಮೇಲೆ ನಡತೆಯ ಪ್ರಶ್ನೆಗಳು. ನರಮೇಧದಲ್ಲಿ ಭಾಗವಹಿಸಿದ್ದೀರಾ? ಕಾನೂನುಬಾಹಿರ ಜೂಜು ಆಡಿದ್ದೀರಾ? ಏಕಕಾಲಕ್ಕೆ ಒಬ್ಬರಿಗಿಂತ ಜಾಸ್ತಿ ಜನರನ್ನು ಮದುವೆಯಾಗಿದ್ದೀರಾ? ಮೇಷ್ಟ್ರು ಪ್ರತಿಯೊಂದಕ್ಕೂ ಯೋಚಿಸಿ "ಇಲ್ಲ" ಅನ್ನುತ್ತಿದ್ದರು. ಜೂಜಿನದಕ್ಕೆ ಮಾತ್ರ ಸ್ವಲ್ಪ ಹೊತ್ತು ತಗೊಂಡರು. ಸ್ಟಾಫ್ ರೂಮಿನ ಇಸ್ಪೀಟು ಲೆಕ್ಕಕ್ಕೆ ಬರುತ್ತಾ ಅಂತ ಅನುಮಾನ. ಕೊನೆಗೆ, ಕಾನೂನು ಬಯಸಿದರೆ ದೇಶಕ್ಕಾಗಿ ಆಯುಧ ಹಿಡಿಯುತ್ತೀರಾ ಅನ್ನುವ ಪ್ರಶ್ನೆ. "ಹಿಡೀತೀನಿ ಅಂತ ಬರಿ. ಪಕ್ಕದಲ್ಲಿ ಚಿಕ್ಕದಾಗಿ ಮಂಡಿನೋವು ಇದೆ ಅಂತಾನೂ ಬರಿ," ಅಂದರು.

ಐದು ವರ್ಷದಲ್ಲಿ ದೇಶ ಬಿಟ್ಟು ಹೋದ ಪ್ರವಾಸಗಳ ಪಟ್ಟಿ ಅವರ ನೋಟ್‌ಬುಕ್ಕಿನಲ್ಲಿ ತಯಾರಿತ್ತು. ಸ್ಕೇಲಿಟ್ಟು ಎಳೆದ ಗೆರೆ, ಕೆಂಪು ಇಂಕಿನ ತಲೆಬರಹ. ನಾನು ಸುಮ್ನೆ ನೋಡಿಕೊಂಡು ಇಳಿಸಿದೆ. ಕವರು ಅಂಟಿಸಿ ಕಳಿಸಿದೆವು.

ಕೆಲವು ದಿನಕ್ಕೆ ರಸೀದಿ ಬಂತು. ಮೂರು ಅಕ್ಷರ, ಹತ್ತು ಅಂಕಿಯ ನಂಬರು. ಮೇಷ್ಟ್ರು ಅದನ್ನು ಮಗ್ಗಿ ಥರ ಬಾಯಿಪಾಠ ಮಾಡಿದರು. ಬೆಳಿಗ್ಗೆ ಕಾಫಿ ಆದ ಮೇಲೆ ನನಗೆ ಫೋನು. ನಾನು ವೆಬ್‌ಸೈಟಿನಲ್ಲಿ ನಂಬರು ಹಾಕುವುದು, ನಿನ್ನೆಯದೇ ವಾಕ್ಯ ಓದುವುದು. ಬೆರಳಚ್ಚು ಆಯಿತು. ವಾಕ್ಯ ಒಂದು ಸಲ ಬದಲಾಯಿತು. ಮತ್ತೆ ತಿಂಗಳುಗಟ್ಟಲೆ ಅದೇ. ಒಂದು ದಿನ ತಾಳ್ಮೆ ಕೆಟ್ಟು ಸಹಾಯವಾಣಿಗೆ ಫೋನ್ ಮಾಡಿದೆವು. ಯಂತ್ರದ ಹೆಂಗಸು, ನಿಮ್ಮ ಸಮಸ್ಯೆಯನ್ನು ಕೆಲವೇ ಮಾತಲ್ಲಿ ಹೇಳಿ ಅಂದಳು. ಮೇಷ್ಟ್ರಿಗೆ ಕೆಲವೇ ಮಾತು! "ಗುಡ್ ಮಾರ್ನಿಂಗ್ ಮೇಡಂ, ಐ ಆಮ್ ಎ ರಿಟೈರ್ಡ್ ಟೀಚರ್..." ಅಂತ ಶುರು ಮಾಡಿದರು. ಅವಳಿಗೆ ಅರ್ಥ ಆಗಲಿಲ್ಲ. ಇವರು ಎರಡನೇ ಸಲ ಇನ್ನೂ ನಿಧಾನವಾಗಿ, ದಡ್ಡ ಹುಡುಗನಿಗೆ ಹೇಳಿದ ಹಾಗೆ ಹೇಳಿದರು. ಫೋನ್ ಕಟ್.

ಅಂತೂ ಸಂದರ್ಶನಕ್ಕೆ ಕರೆ ಬಂತು. ಆಗ ನೂರು ಪ್ರಶ್ನೆಗಳ ಪಟ್ಟಿ ಮೊದಲೇ ಕೊಟ್ಟಿರುತ್ತಿದ್ದರು. ಅದರಲ್ಲಿ ಹತ್ತು ಕೇಳುತ್ತಿದ್ದರು, ಆರು ಸರಿ ಇದ್ದರೆ ಪಾಸು. ಅರ್ಜಿ ತುಂಬಿಕೊಟ್ಟ ನನ್ನಂಥವರು ಒಳಗೆ ಹೋಗುವ ಹಾಗಿಲ್ಲ. ನಾನು ಕಾರಿನಲ್ಲಿ ಕೂತಿದ್ದೆ. ಮೇಷ್ಟ್ರು ಮುಖ ಊದಿಸಿಕೊಂಡು ಬಂದರು.

"ಫೇಲಾ ಮೇಷ್ಟ್ರೇ?"

"ಫೇಲಂತೆ! ಮೊದಲ ಆರೂ ಸರಿ ಹೇಳಿದೆ ಅಂತ ಉಳಿದ ನಾಲ್ಕು ಕೇಳಲೇ ಇಲ್ಲ ಕಣಯ್ಯ. ಹತ್ತಕ್ಕೆ ಹತ್ತು ತೆಗೀತಿದ್ದೆ."

ವಸಾಹತಿನವರು ಬ್ರಿಟಿಷರ ಮೇಲೆ ಯಾಕೆ ಯುದ್ಧ ಮಾಡಿದರು ಅನ್ನುವುದು ಒಂದು ಪ್ರಶ್ನೆ. 'ಜಾಸ್ತಿ ತೆರಿಗೆ' ಅಂದಿದ್ದರೆ ಸಾಕಿತ್ತು. ಇವರು ಅಷ್ಟು ಹೇಳಿ ನಿಲ್ಲಿಸಿಲ್ಲ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಕಾರ್ನ್‌ವಾಲಿಸ್ ಆಮೇಲೆ ಎಲ್ಲಿಗೆ ಹೋದ ಗೊತ್ತಾ ಅಂತ ಆ ಅಧಿಕಾರಿಯನ್ನೇ ಕೇಳಿದ್ದಾರೆ. ಆಯಮ್ಮನಿಗೆ ಗೊತ್ತಿಲ್ಲ. "ಇಲ್ಲಿ ಸೋತು, ನಮ್ಮಲ್ಲಿಗೆ ಗವರ್ನರ್ ಜನರಲ್ ಆಗಿ ಬಂದು, 1792ರಲ್ಲಿ ಶ್ರೀರಂಗಪಟ್ಟಣ ಮುತ್ತಿ, ಟಿಪ್ಪುವಿನ ಇಬ್ಬರು ಮಕ್ಕಳನ್ನ ಒತ್ತೆ ಇಟ್ಕೊಂಡ. ನೀವು ಸರಿಯಾಗಿ ಹಿಡ್ಕೊಂಡಿದ್ರೆ ನಮಗೆ ಆ ಪಾಡು ಬರ್ತಿರಲಿಲ್ಲ ಅಂದೆ." ಪೌರತ್ವ ಕೊಡಬೇಕಾದವರ ಮೇಲೇ ಆಕ್ಷೇಪಣೆ!

ಅವರ ಕೈಯಲ್ಲಿ ಒಂದು ಕಾಗದ ಇತ್ತು. ಪರೀಕ್ಷೆ ಪಾಸು, ಆದರೆ ತೀರ್ಮಾನ ಈಗಲೇ ಹೇಳಲಾಗುವುದಿಲ್ಲ. "ರಿಸಲ್ಟ್ ವಿತ್‌ಹೆಲ್ಡ್," ಅಂದರು ಮೇಷ್ಟ್ರು. ಎಷ್ಟು ಮಕ್ಕಳ ಹೆಸರಿನ ಮುಂದೆ ತಾವೇ ಬರೆದಿದ್ದ ಮಾತೋ ಏನೋ, ಹೇಳುವಾಗ ಗಂಟಲು ಕಟ್ಟಿತ್ತು. "ಹದಿನಾರು ತಿಂಗಳು ಇಂಡಿಯಾದಲ್ಲಿ ಏನು ಮಾಡ್ತಿದ್ರಿ ಅಂದ್ಲು. ನಾನು ಯಾವಾಗಯ್ಯ ಹೋಗಿದ್ದೆ ಹದಿನಾರು ತಿಂಗಳು?"

ಅರ್ಜಿಯ ಪ್ರತಿ ತೆಗೆದು ನೋಡಿದೆ. ಹೋದದ್ದು 05/11/2022, ಬಂದದ್ದು 10/01/2023. ನವೆಂಬರ್ 5ಕ್ಕೆ ಹೋಗಿ ಜನವರಿ 10ಕ್ಕೆ ಬಂದಿದ್ದರು, ಎರಡು ತಿಂಗಳು. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಆ ಲೆಕ್ಕದಲ್ಲಿ ಮೇ 11ಕ್ಕೆ ಹೋಗಿ ಮುಂದಿನ ವರ್ಷ ಅಕ್ಟೋಬರ್ 1ಕ್ಕೆ ಬಂದಂತೆ. ಒಂದು ವರ್ಷ ದಾಟಿ ಹೊರಗಿದ್ದರೆ ಇಲ್ಲಿನ ವಾಸದ ಸರಪಳಿಯೇ ಕಡಿದುಹೋಗುತ್ತದೆ. ಉಳಿದ ಪ್ರವಾಸಗಳಲ್ಲಿ ದಿನ ಹನ್ನೆರಡನ್ನು ದಾಟಿತ್ತು. ಇಪ್ಪತ್ತೈದನೇ ತಿಂಗಳು ಎಲ್ಲೂ ಇಲ್ಲವಲ್ಲ, ಅವನ್ನೆಲ್ಲ ತಿರುಗಿಸಿ ಬರೆದಿದ್ದೆ. ಇದೊಂದು ಮಾತ್ರ ಸಾಧುವಿನ ಹಾಗೆ ಕೂತಿತ್ತು.

ಎರಡೇ ತಿಂಗಳು ಅಂತ ತೋರಿಸಲು ಹಳೇ ಪಾಸ್‌ಪೋರ್ಟ್ ಬೇಕು. ಅದು ಊರಿನ ಮನೆಯ ಬೀರುವಿನಲ್ಲಿ. ಬೀರುವಿನ ಬೀಗದ ಕೈ ಮೇಷ್ಟ್ರ ಜನಿವಾರದಲ್ಲಿ, ಅಂದರೆ ಅಮೆರಿಕದಲ್ಲಿ. ಅವರ ತಂಗಿ ಮಗ ಬೀಗ ಒಡೆಸಿ, ವಿಡಿಯೋ ಕಾಲಿನಲ್ಲಿ ಒಂದೊಂದೇ ಕಾಗದ ಎತ್ತಿ ತೋರಿಸಿದ. ದಾರಿಯಲ್ಲಿ 1988ರ ಒಂದು ಎಲ್‌ಐಸಿ ಬಾಂಡು, ಇಬ್ಬರು ವಿದ್ಯಾರ್ಥಿಗಳ ವಾಪಸ್ ಕೊಡದ ಮಾರ್ಕ್ಸ್ ಕಾರ್ಡು ಸಿಕ್ಕವು. ಪಾಸ್‌ಪೋರ್ಟ್ ಕೊನೆಗೆ ಸಿಕ್ಕಿತು. ಠಸ್ಸೆಯಲ್ಲಿ ತಿಂಗಳನ್ನು ಅಕ್ಷರದಲ್ಲಿ ಹಾಕಿದ್ದರು. ಆ ಠಸ್ಸೆ ಮಾಡಿಸಿದ ಪುಣ್ಯಾತ್ಮ ಯಾರಿದ್ದರೂ ನೂರು ಕಾಲ ಬಾಳಲಿ.

ಅರ್ಜಿ ಮಂಜೂರಾಯಿತು. ಪ್ರಮಾಣವಚನಕ್ಕೆ ಮಾತ್ರ ಕರೆ ಇಲ್ಲ. ಮೇಷ್ಟ್ರ ಜೊತೆ ವಾಕಿಂಗ್ ಬರುವ ಒಬ್ಬರು, ಇವರು ಹಾಕಿದ ಮೇಲೆ ಅರ್ಜಿ ಹಾಕಿದವರು, ಆಗಲೇ ಪ್ರಮಾಣ ಮಾಡಿ ಬಾವುಟ ಹಿಡಿದು ಫೋಟೋ ಕಳಿಸಿದರು. ವಿಚಾರಿಸಿದಾಗ ತಿಳಿಯಿತು: ಹೆಸರು ಬದಲಾಯಿಸುವ ಅಧಿಕಾರ ಕೋರ್ಟಿಗೆ ಮಾತ್ರ. ಹಾಗಾಗಿ ಜಡ್ಜ್ ಮುಂದೆ ನಡೆಯುವ ಸಮಾರಂಭಕ್ಕೇ ಕಾಯಬೇಕು. ಮೇಷ್ಟ್ರು ಏನೂ ಅನ್ನಲಿಲ್ಲ. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು, ಅಷ್ಟೇ. ಹೋಂವರ್ಕ್ ತರದ ದಿನಗಳು ನೆನಪಾದವು.

ಆ ದಿನವೂ ಬಂತು. ಗ್ರೀನ್ ಕಾರ್ಡ್ ವಾಪಸ್ ಕೊಟ್ಟು, ಕೈ ಎತ್ತಿ ಪ್ರಮಾಣ ಮಾಡಿದರು. ಪ್ರಮಾಣಪತ್ರ ಕೊಡಲು ಒಬ್ಬೊಬ್ಬರ ಹೆಸರು ಕೂಗಿದರು. ಮೇಷ್ಟ್ರ ಹೆಸರನ್ನು ಆ ಗುಮಾಸ್ತೆ ಪಾಪ ಕಷ್ಟಪಟ್ಟು, ಹೆಚ್ಚುಕಡಿಮೆ ಸರಿಯಾಗಿಯೇ ಕೂಗಿದಳು. ಇವರು ಅಲ್ಲಾಡಲಿಲ್ಲ. ಎರಡನೇ ಸಲ ಕೂಗಿದಳು. ನಾನು ಹಿಂದಿನ ಸಾಲಿನಿಂದ ಬಗ್ಗಿ "ಫ್ನೂ!" ಅಂದೆ. ತಟ್ಟನೆ ಎದ್ದು ಹೋದರು.

ಮರುವಾರ ಮತ್ತೆ ಫೈಲ್ ಹಿಡಿದು ಬಂದರು. ಭಾರತದಲ್ಲಿ ಎರಡು ಪೌರತ್ವ ಇಲ್ಲ. ಆ ಪಾಸ್‌ಪೋರ್ಟ್ ಒಪ್ಪಿಸಿ, ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡಿಗೆ ಅರ್ಜಿ ಹಾಕಬೇಕು. ಅಲ್ಲಿ ಹಳೇ ಹೆಸರು, ಇಲ್ಲಿ ಹೊಸ ಹೆಸರು, ಎರಡೂ ಒಬ್ಬರೇ ಅಂತ ಇನ್ನೊಂದಿಷ್ಟು ಕಾಗದ. ಈ ಸಲ ಆನ್‌ಲೈನ್, ನಾನೇ ಟೈಪ್ ಮಾಡಿದೆ. ಹುಟ್ಟಿದ ತಾರೀಖು ಹಾಕಿ ಮುಂದಿನ ಪುಟಕ್ಕೆ ಹೋಗಬೇಕು, ಮೇಷ್ಟ್ರು ನನ್ನ ಕೈ ಹಿಡಿದರು.

"ಇದು ನಮ್ಮ ಸರ್ಕಾರದ ಫಾರ್ಮ್ ಕಣಯ್ಯ. ದಿನ ಮೊದಲು."

ನಾನು ತಿಂಗಳು ಮೊದಲು ಹಾಕಿದ್ದೆ.